ಪುಟ ತೆರೆದಿರುವಷ್ಟು ಹೊತ್ತು

ಆ ಊರಿನಲ್ಲಿ ಜನರ ಎದೆಯೊಳಗೆ ಉಸಿರಾಡಿಸುವ ಯಂತ್ರವಿತ್ತು, ಅದು ನಡೆಯುತ್ತಿದ್ದುದೇ ಅವರವರ ಫೋನಿನಿಂದ. ಆ್ಯಪ್ ಅಂಗಡಿಯವರು ಒಪ್ಪಿದ ಆ್ಯಪ್ ಇದ್ದವರು ಫೋನನ್ನು ಜೇಬಿಗಿಳಿಸಿ ಆರಾಮಾಗಿ ಸಂತೆಗೆ ಹೋಗುತ್ತಿದ್ದರು. ಶಕುಂತಲೆಯ ಎದೆಯೊಳಗಿನ ಯಂತ್ರ ಹಳೆಯದು, ಅದಕ್ಕೆ ಆ್ಯಪ್ ಇರಲಿಲ್ಲ. ತಂಗಿ ಪಾರ್ವತಿ ತಾನೇ ಒಂದು ವೆಬ್ ಪುಟ ಬರೆದು, ಬ್ರೌಸರಿನಲ್ಲಿ ತೆರೆದು ಅಕ್ಕನನ್ನು ಉಸಿರಾಡಿಸುತ್ತಿದ್ದಳು. ಪುಟ ಸದಾ ಪರದೆಯ ಮೇಲೆ ಕಾಣುತ್ತಿರಬೇಕು. ಮರೆಯಾದರೆ ಫೋನು ಅದನ್ನು ನಿಲ್ಲಿಸಿಬಿಡುತ್ತಿತ್ತು. ಹಾಗಾಗಿ ಪರದೆ ಆರದಂತೆ ಅವಳು ಅದರ ಮೇಲೆ ಬೆರಳಾಡಿಸುತ್ತಲೇ ಕೂರುತ್ತಿದ್ದಳು. ಅದನ್ನೇ ಆ್ಯಪ್ ಮಾಡಿ ಅಂಗಡಿಗೆ ಕಳಿಸಿ ವರ್ಷವಾಗಿತ್ತು, ಆ ಮಹಾರಾಯರಿಗೆ ನೋಡಲು ಪುರುಸೊತ್ತಿರಲಿಲ್ಲ.

“ಬೆರಳು ಸವದ ಹೋದುವಲ್ಲ ತಂಗಿ, ಸಾಕ್ ಬಿಡು ಇನ್ನ,” ಎಂದಳು ಶಕುಂತಲೆ, ಅವರೆಕಾಯಿ ಸುಲಿಯುತ್ತಾ.

“ಸುಮ್ನಿರಕ್ಕಾ. ಇವತ್ತಿಲ್ಲಾ ನಾಳಿ ಅವ್ರು ಹೂಂ ಅಂತಾರ. ಆಮ್ಯಾಲ ಇಬ್ಬರೂ ಕೂಡೇ ಸಂತಿಗೆ ಹೋಗೂಣು.”

ಅಷ್ಟರಲ್ಲಿ ಪರದೆಯ ತುಂಬ ಬಂಗಾರದ ಬಣ್ಣದ ಹೂಗಳು ಉದುರತೊಡಗಿದವು. ‘ಅಭಿನಂದನೆಗಳು! ನಿಮ್ಮ ಆ್ಯಪ್‌ಗೆ ಅಂಗಡಿಯ ಒಪ್ಪಿಗೆ ಸಿಕ್ಕಿದೆ.’

ಪುಟ ಹೂಗಳ ಹಿಂದೆ ಮರೆಯಾಯಿತು. ಪಾರ್ವತಿ ಮುಚ್ಚುವ ಗುರುತನ್ನು ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ಹೂಗಳೆಲ್ಲ ಉದುರಿ ಮುಗಿಯುವವರೆಗೆ ಅದು ಮುಚ್ಚುವಂತಿರಲಿಲ್ಲ.

ಅಕ್ಕನ ಕೈಯಿಂದ ಅವರೆಕಾಯಿ ಜಾರಿ ನೆಲಕ್ಕೆ ಬಿತ್ತು. ಹೂಗಳು ಇನ್ನೂ ಉದುರುತ್ತಲೇ ಇದ್ದವು.