ಕೆಂಪು ಪಟ್ಟಿ

"ಅಮ್ಮಾ, ಮರ ಗಿಡ್ಡ ಆಗ್ಬಿಟ್ಟಿದೆ!"

ಹಿತ್ತಿಲಿನಿಂದ ಮಗಳು ಕೂಗಿದಳು. ದರ್ಜಿ ಅಮ್ಮ ಹೊಲಿಗೆ ಬಿಟ್ಟು ಓಡಿದಳು. ನಾಲ್ಕು ವರ್ಷದ ಹಿಂದೆ ಇಬ್ಬರೂ ಸೇರಿ ನೇರಳೆ ಸಸಿ ನೆಟ್ಟ ದಿನ ಅಮ್ಮ ಮಗಳ ನೆತ್ತಿಯ ಮಟ್ಟಕ್ಕೆ ಅದಕ್ಕೊಂದು ಕೆಂಪು ಬಟ್ಟೆಯ ಪಟ್ಟಿ ಕಟ್ಟಿ, "ಗಿಡದ ಜೊತೆ ಇದೂ ಮೇಲೆ ಹೋಗುತ್ತೆ, ನೀನು ಹಿಂದೆ ಬೀಳ್ಬೇಡ" ಎಂದಿದ್ದಳು. ಶಾಲೆಯಲ್ಲಿ 'ಗಿಡ್ಡಿ' ಎನಿಸಿಕೊಂಡ ಮಗಳು ಸೋಲುವ ಭಯಕ್ಕೆ ಮತ್ತೆಂದೂ ಅದರ ಪಕ್ಕ ನಿಂತಿರಲಿಲ್ಲ. ಇಂದು ಧೈರ್ಯ ಮಾಡಿ ನಿಂತರೆ ಪಟ್ಟಿ ಅವಳ ಭುಜಕ್ಕಿತ್ತು; ಅದನ್ನು ನೋಡಿಯೇ ಅವಳು ಕೂಗಿದ್ದು.

"ಜಾರಿರ್ಬೇಕು, ತಡಿ" ಎಂದು ಅಮ್ಮ ಪಟ್ಟಿಯನ್ನು ಮೇಲಕ್ಕೆ ತಳ್ಳಿದಳು. ಅದು ಕದಲಲಿಲ್ಲ. ತೊಗಟೆ ಎರಡೂ ಕಡೆಯಿಂದ ಉಬ್ಬಿ, ಹೊಲಿಗೆ ಹಾಕಿದಂತೆ ಬಟ್ಟೆಯನ್ನು ಹಿಡಿದಿತ್ತು. ಮರ ಬೆಳೆಯುವುದು ತುದಿಯಲ್ಲಿ, ಕಟ್ಟಿದ ಗುರುತು ಕಟ್ಟಿದಲ್ಲೇ ಉಳಿಯುತ್ತದೆ ಎಂದು ಊರಿಗೆಲ್ಲ ಅಳತೆ ತೆಗೆಯುವವಳಿಗೆ ಹೊಳೆದದ್ದು ಆಗಲೇ.

"ಅದು ಇದ್ದಲ್ಲೇ ಇದೆ ಕಣೇ. ನೀನೇ ದಾಟಿ ಬಂದಿದ್ದೀಯ."

ಮಗಳು ಪಟ್ಟಿಯನ್ನು ಮುಟ್ಟಿದಳು, ಆಮೇಲೆ ತನ್ನ ನೆತ್ತಿಯನ್ನು. "ಹಾಗಾದ್ರೆ ಮರ?"

ಅಮ್ಮ ಮೇಲೆ ನೋಡಿದಳು. ಮಾಡಿನಾಚೆ, ಪಕ್ಕದ ಮನೆಯ ಮಹಡಿಯಾಚೆ, ಚಿಗುರು ಇನ್ನೂ ಮೇಲೇರುತ್ತಿತ್ತು. ಇಬ್ಬರೂ ಕತ್ತೆತ್ತಿ ನಿಂತೇ ಇದ್ದರು. ಅಮ್ಮನ ಕೊರಳಿನ ಅಳತೆ ಟೇಪು ಜಾರಿ ನೆಲಕ್ಕೆ ಬಿದ್ದದ್ದು ಯಾರಿಗೂ ತಿಳಿಯಲಿಲ್ಲ.