ಮೊದಲ ಸುತ್ತಿನವನು

"ಟ್ಯಾಕ್ಸಿ ಬರಲ್ಲವಂತೆ," ಎಂದು ಗೆರ್ವಿನ್ ಫೋನ್ ಕೆಳಗಿಟ್ಟ. ಸೈಕಲ್ ವಿಶ್ವ ಚಾಂಪಿಯನ್‌ಷಿಪ್ ನೋಡಲು ಬಂದವರ ಕಾರುಗಳಿಂದ ಆಪೆಲ್‌ಡೋರ್ನ್‌ನ ರಸ್ತೆಗಳೆಲ್ಲ ಕಟ್ಟಿಕೊಂಡಿದ್ದವು. ನೆದರ್ಲೆಂಡ್ಸ್ ತಂಡದ ಫೈನಲ್ ನಾಲ್ಕು ಗಂಟೆಗೆ. ಮೂರೂಕಾಲರೊಳಗೆ ಕ್ರೀಡಾಂಗಣದ ಬಾಗಿಲಲ್ಲಿ ಇಲ್ಲದಿದ್ದರೆ ಗೆರ್ವಿನ್‌ಗೆ ಪ್ರವೇಶವಿಲ್ಲ, ಅವನಿಲ್ಲದಿದ್ದರೆ ತಂಡವೇ ಇಲ್ಲ. ಗಂಟೆ ಆಗಲೇ ಎರಡು ಐವತ್ತು. ಊಟಕ್ಕೆಂದು ಅಮ್ಮನ ಮನೆಗೆ ಬಂದಿದ್ದ ವಿಶ್ವದ ಅತಿ ವೇಗದ ಸವಾರ, ಚಾಕೊಲೇಟ್ ಚೂರು ಉದುರಿಸಿದ ಆರನೇ ಬ್ರೆಡ್ಡನ್ನು ಕೈಯಲ್ಲಿ ಹಿಡಿದು ಕಣ್ಣು ಕಣ್ಣು ಬಿಡುತ್ತಿದ್ದ.

"ನಿನ್ನ ಸೈಕಲ್ ಕೊಡಮ್ಮ, ಹೋಗ್ಬಿಡ್ತೀನಿ."

"ತುಳ್ಕೊಂಡಾ? ಫೈನಲ್ ದಿನ ನೀನು ಮೆಟ್ಟಿಲು ಹತ್ತಿ ಕಾಲು ದಣಿಸಿದ್ರೂ ನನ್ನನ್ನೇ ಕೇಳ್ತೀನಿ ಅಂದಿದಾನೆ ನಿಮ್ಮ ಕೋಚ್." ಹೆನ್ನಿ ಅಷ್ಟರಲ್ಲಿ ಕೋಟು ತೊಟ್ಟಾಗಿತ್ತು. "ನಡಿ, ಹಿಂದೆ ಕೂತ್ಕೋ."

ಹೆನ್ನಿಗೆ ಅರವತ್ತಮೂರು. ಮೂವತ್ತು ವರ್ಷ ಸೈಕಲ್ ಮೇಲೆ ಕಾಗದ ಹಂಚಿ ನಿವೃತ್ತಳಾದ ಅಂಚೆಯವಳು. ಮಗ ತೊಂಬತ್ತೆಂಟು ಕಿಲೊ. ಅವನ ಒಂದೊಂದು ತೊಡೆಯೂ ಅವಳ ಸೊಂಟದಷ್ಟು. ಅವಳು ಸೈಕಲ್ ಹೊರಡಿಸಿದ ಮೇಲೆ ಅವನು ನಾಲ್ಕು ಹೆಜ್ಜೆ ಓಡಿ ಕ್ಯಾರಿಯರ್ ಮೇಲೆ ಹಾರಿ ಕೂತ. ಮುಂದಿನ ಚಕ್ರ ಒಂದು ಗೇಣು ಮೇಲೆದ್ದು ಧಪ್ಪನೆ ಇಳಿಯಿತು. ಐದು ಕಿಲೋಮೀಟರು ದಾರಿ, ಅದೂ ಎದುರು ಗಾಳಿ. ತಮ್ಮ ತಂಡದ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಆಟ ನೋಡಲು ನಡೆದು ಹೊರಟವರು ನಿಂತು, ಯಾರೆಂದು ಗುರುತು ಹಿಡಿದು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಯಿ ಹಿಡಿದುಕೊಂಡು ಬರುತ್ತಿದ್ದ ಮುದುಕನೊಬ್ಬನಿಗೆ ಮಾತ್ರ ಗುರುತು ಸಿಗಲಿಲ್ಲ.

"ಏನಮ್ಮಾ, ಇಷ್ಟು ದೊಡ್ಡ ಮಗನಿಗೆ ಇನ್ನೂ ಸೈಕಲ್ ಬರಲ್ವಾ?"

"ಬರುತ್ತೆ!" ಹೆನ್ನಿ ಏದುಸಿರಿನಲ್ಲೇ ಕೂಗಿದಳು. "ಆದ್ರೆ ಒಂದೇ ಸುತ್ತು!"

ಅದು ಅವಳ ಹಳೆಯ ಕೊರಗು. ಮೂವರ ತಂಡ, ಮೂರು ಸುತ್ತಿನ ಓಟ. ಗೆರ್ವಿನ್ ಮೊದಲಿನವನು. ಒಂದು ಸುತ್ತು ಮುಂದೆ ನಿಂತು ಗಾಳಿ ಸೀಳಿಕೊಟ್ಟು, ಪಕ್ಕಕ್ಕೆ ಸರಿದು ಟ್ರ್ಯಾಕಿನ ಇಳಿಜಾರು ಹತ್ತಿಬಿಟ್ಟರೆ ಅವನ ಕೆಲಸ ಮುಗಿಯಿತು. ಇನ್ನೂರೈವತ್ತು ಮೀಟರ್, ಎಲ್ಲ ಸೇರಿ ಹದಿನೇಳು ಸೆಕೆಂಡು. ಎರಡನೆಯವನು ಇನ್ನೊಂದು ಸುತ್ತು ಎಳೆದು ಸರಿಯುತ್ತಾನೆ, ಗೆರೆ ದಾಟುವುದು ಮೂರನೆಯವನು, ಪತ್ರಿಕೆಯಲ್ಲಿ ಫೋಟೋ ಬರುವುದೂ ಅವನದೇ. ಹೆನ್ನಿ ಕತ್ತರಿಸಿಟ್ಟುಕೊಂಡ ಹನ್ನೊಂದು ಗೆಲುವಿನ ಚಿತ್ರಗಳಲ್ಲಿ ಅವಳ ಮಗ ಒಂದರಲ್ಲೂ ಇರಲಿಲ್ಲ.

"ಒಂದ್ಸಲ, ಒಂದೇ ಒಂದ್ಸಲ, ಮೂರೂ ಸುತ್ತು ಹೊಡೆದು ಗೆರೆ ದಾಟೋ. ನನಗೋಸ್ಕರ."

"ಹಾಗ್ ಮಾಡಿದ್ರೆ ಸೋಲ್ತೀವಮ್ಮ. ನಾನು ಇರೋದೆಲ್ಲ ಮೊದಲ ಸುತ್ತಲ್ಲೇ ಖಾಲಿ ಮಾಡ್ಬೇಕು. ಹಿಂದಿನವರಿಗೆ ಗಾಳಿ ತಾಗಬಾರದು."

"ನಿಂಗೆ ತಾಗ್ತಿದೆಯಾ ಈಗ?"

"ಚೂರೂ ಇಲ್ಲ. ನಿನ್ನ ಬೆನ್ನ ಹಿಂದೆ ಎಷ್ಟು ಬೆಚ್ಚಗಿದೆ ಗೊತ್ತಾ! ಇನ್ನೊಂದು ಬ್ರೆಡ್ ತರಬೇಕಿತ್ತು."

ಹೆನ್ನಿಗೆ ನಗು ತಡೆಯಲಾಗಲಿಲ್ಲ. ಹ್ಯಾಂಡಲ್ ಅತ್ತಿತ್ತ ಹೊಯ್ದಾಡಿ, ನೆದರ್ಲೆಂಡ್ಸಿನ ಚಿನ್ನದ ಆಸೆ ಒಂದು ದೀಪದ ಕಂಬಕ್ಕೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಮೂರು ಹದಿಮೂರಕ್ಕೆ ಬಾಗಿಲು ಕಂಡಿತು. ಅಲ್ಲಿ ಕೋಚ್ ರೂಲೊಫ್ ಬೀಟ್‌ರೂಟ್ ಮುಖ ಮಾಡಿಕೊಂಡು ನಿಂತಿದ್ದ. ಹೆನ್ನಿ ಪಕ್ಕಕ್ಕೆ ಸರಿದಳು, ಮಗ ಹಾರಿ ಇಳಿದು ಒಳಗೆ ಓಡಿದ, ಜನ ಹೋ ಎಂದು ಅವನ ಹಿಂದೆ ನುಗ್ಗಿತು. ಅವಳತ್ತ ಒಬ್ಬರೂ ತಿರುಗಿ ನೋಡಲಿಲ್ಲ. ಕಾಲು ನಡುಗುತ್ತಿತ್ತು, ಎದೆ ಉರಿಯುತ್ತಿತ್ತು, ಹೆನ್ನಿ ಹ್ಯಾಂಡಲ್ ಮೇಲೆ ಬಿದ್ದುಕೊಂಡು ಒಬ್ಬಳೇ ನಗುತ್ತಿದ್ದಳು. ಅಷ್ಟು ಸಂತೋಷ ಯಾಕಾಯಿತೆಂದು ಅವಳಿಗೇ ತಿಳಿಯಲಿಲ್ಲ.

ನಾಲ್ಕಕ್ಕೆ ಓಟ ಶುರುವಾದಾಗ ಹೆನ್ನಿ ಪ್ರೇಕ್ಷಕರ ಸಾಲಿನಲ್ಲಿದ್ದಳು. ಗೆರ್ವಿನ್ ಹದಿನೇಳು ಸೆಕೆಂಡು ಗುಂಡಿನಂತೆ ಹೋಗಿ ಪಕ್ಕಕ್ಕೆ ಸರಿದ. ಸಾವಿರಾರು ಕಣ್ಣು ಉಳಿದಿಬ್ಬರ ಹಿಂದೆ ಓಡಿದವು. ಹೆನ್ನಿಯದು ಮಾತ್ರ ಇಳಿಜಾರಿನ ಮೇಲಿದ್ದವನಲ್ಲೇ ನಿಂತಿತು. ಅವನು ಹ್ಯಾಂಡಲ್ ಮೇಲೆ ಬಿದ್ದುಕೊಂಡು, ಬಾಯಿ ತೆರೆದು ನಗುತ್ತಿದ್ದ.

"ಗೆದ್ವಿ! ಜಪಾನಿನವರಿಗಿಂತ ಕೂದಲೆಳೆ ಮುಂದೆ! ನೋಡಿದ್ರಾ?" ಪಕ್ಕದ ಹೆಂಗಸು ಅವಳ ಕೊರಳಿಗೆ ಜೋತುಬಿದ್ದಳು.

"ಇಲ್ಲ!" ಎಂದಳು ಹೆನ್ನಿ, ಕುಣಿಯುತ್ತಲೇ.

ಸಂಜೆ ರಾಷ್ಟ್ರಗೀತೆ, ಫೋಟೋ ಎಲ್ಲ ಮುಗಿದ ಮೇಲೆ ಗೆರ್ವಿನ್ ಚಿನ್ನದ ಪದಕವನ್ನು ಅಮ್ಮನ ಕೊರಳಿಗೆ ಹಾಕಿ, ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡ. "ಈಗ ಕೋಚ್ ಮಾತು ನಡೆಯಲ್ಲ," ಎಂದವನೇ ತುಳಿದ. ಅಂಚೆಯ ಹಳೇ ಸೈಕಲ್ ಹುಟ್ಟಿದಾಗಿನಿಂದ ಅಂಥ ವೇಗ ಕಂಡಿರಲಿಲ್ಲ. ಹೆನ್ನಿ ಅವನ ಅಂಗಿ ಹಿಡಿದು ಕಿರುಚುತ್ತಿದ್ದಳು. ಇನ್ನೂರೈವತ್ತು ಮೀಟರ್ ಆಗಿರಬೇಕು, ಅವನು ಪಕ್ಕಕ್ಕೆ ಸರಿದು ಸೈಕಲ್ ನಿಲ್ಲಿಸಿ ಇಳಿದ.

"ಯಾಕೋ?"

"ನನ್ನ ಸುತ್ತು ಮುಗೀತಮ್ಮ."

ಹೆನ್ನಿ ಅವನನ್ನು ದುರುಗುಟ್ಟಿಕೊಂಡು ನೋಡಿದಳು. ಆಮೇಲೆ ನಕ್ಕೂ ನಕ್ಕೂ ಸುಸ್ತಾಗಿ ಹ್ಯಾಂಡಲ್ ಹಿಡಿದಳು. ಅವನು ನಾಲ್ಕು ಹೆಜ್ಜೆ ಓಡಿ ಹಿಂದೆ ಹಾರಿ ಕೂತ, ಮುಂದಿನ ಚಕ್ರ ಎದ್ದು ಇಳಿಯಿತು, ಪದಕ ಹ್ಯಾಂಡಲ್‌ಗೆ ಬಡಿದು ಠಣ್ ಎಂದಿತು. ಎದುರಿಗೆ ಅದೇ ಮುದುಕ, ಅದೇ ನಾಯಿ.

"ಈಗ್ಲೂ ನೀವೇ ತುಳೀತಿದೀರಾ?"

"ಮೊದಲ ಸುತ್ತು ಅವನದಾಯ್ತು," ಹೆನ್ನಿ ಗಂಟೆ ಬಾರಿಸುತ್ತ ಕೂಗಿದಳು. "ದಾರಿ ಬಿಡಿ, ಗೆರೆ ದಾಟೋಳು ನಾನು!"