ಮೇಣಕ್ಕೊಂದು ಪಾತೇಲಿ

ಚಂದ್ರಮತಿ ಕಾಕು ಉರಿಯುವ ಮೇಣಬತ್ತಿಯ ಮೇಲೆ ಸ್ಟೀಲಿನ ತಾಟು ಹಿಡಿದು ಮನಸ್ಸಿನಲ್ಲೇ ಇಪ್ಪತ್ತು ಎಣಿಸಿದರು. ಆಮೇಲೆ ತಾಟು ಹೊರಳಿಸಿ, ಬೆರಳಿನಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು. ಮಸಿಯ ಸುಳಿವೇ ಇಲ್ಲ! ಅದನ್ನು ಮಾಡಿ ಎದುರಿಗೆ ಕೂತಿದ್ದ ಭಾಗ್ಯಾಳಿಗೆ ಹೋದ ಉಸಿರು ಮರಳಿ ಬಂದದ್ದು ಆಗಲೇ.

"ಪಾಸ್ ಆದಿ ನೋಡ," ಎಂದರು ಕಾಕು. "ಬರೂ ಐತವಾರ ಬೋರಗಾಂವದಾಗ ನಮ್ಮ ಬಸರಿ ಮಗಳು ಮೇಘಾನ ಕುಬಸ ಐತಿ. ಬಂದ ಹೆಣಮಕ್ಕಳಿಗೆಲ್ಲಾ ಗಾಜಿನ ಗ್ಲಾಸಿನ್ಯಾಗ ಹಿಂತಾದೊಂದ ಕೊಡಬೇಕಂತ ಮಾಡೀನಿ. ನೂರಾ ಎಂಟ ಆಕ್ಕಾವೇನ?"

ಆಗದೇನು! ಭಾಗ್ಯಾ ಎದ್ದು ಕುಣಿಯುವುದೊಂದೇ ಬಾಕಿ. ತನ್ನ ಊರು ಭೋಜದ ಬುದ್ಧವಿಹಾರದಲ್ಲಿ ಪೇಟೆಯ ಮೇಣಬತ್ತಿಗಳು ವಂದನೆ ಮುಗಿಯುವ ಮೊದಲೇ ಸೊಂಟ ಬಗ್ಗಿಸಿ ಬೀಳುವುದನ್ನು ನೋಡಲಾಗದೆ, ಮನೆಯಲ್ಲೇ ಮೇಣ ಕಾಸಿ ಹೊಯ್ಯಲು ಕಲಿತವಳು ಅವಳು. ಇಲ್ಲಿಯತನಕ ಕೊಂಡವರೆಲ್ಲ ಓಣಿಯವರೇ. ಬೋರಗಾಂವದ ಜೈನ ಮನೆತನದ ಈ ಹಿರಿಯರು ತಾವಾಗಿ ಹುಡುಕಿಕೊಂಡು ಬಂದಿದ್ದಾರೆ. ಇದೊಂದು ಕೈಗೆ ಹತ್ತಿದರೆ ಭಾಗ್ಯಾಳ ಹೆಸರು ನೂರಾ ಎಂಟು ಮನೆ ಹೊಗುತ್ತದೆ.

"ಕಾಕೂ, ಕೊಡೂಮುಂದ ಎಲ್ಲಾರಿಗೂ ಇಷ್ಟ ಹೇಳ್ರಿ. ಮೊದಲ್ನೇ ಸಲ ಹಚ್ಚಿದಾಗ ಮೇಣ ಅಂಚಿನತನಕಾ ಕರಗೂಮಟ ಆರಸಬಾರದು, ಗಡಿಬಿಡಿ ಮಾಡಿದ್ರ ನಡುವ ಬಾವಿ ಬೀಳ್ತೈತಿ. ಮತ್ತ ಹಚ್ಚೂಮುಂದ ಬತ್ತಿ ಉಗುರಿನಷ್ಟ ಬಿಟ್ಟ ಕತ್ತರಸಬೇಕು. ಫ್ಯಾನಿನ ಬುಡಕ ಇಡಬಾರದು. ಊದೂದಂತೂ ಬ್ಯಾಡರಿ, ಮುಚ್ಚಳಾ ಮುಚ್ಚಿದ್ರ ತಾನ ಆರತೈತಿ. ಸೋಯಾಬೀನದ ಮೇಣರಿ ಇದು, ಪಾತೇಲಿಗೆ ಹತ್ತಿದ್ರೂ ಬಿಸಿನೀರಿಗೆ ಬಿಟ್ಟ ಹೋಗ್ತೈತಿ!"

"ನಡುನಡುವ ಉಸಿರರೆ ತಗೋ ಹುಡುಗಿ," ಕಾಕು ನಕ್ಕರು.

ಬಾಗಿಲಿಗೆ ಆತು ನಿಂತಿದ್ದ ಅತ್ತೆ ದ್ರೌಪದಿ, "ಚಹಾ ಇಡ್ಲೇನ್ರಿ ಅಕ್ಕಾರ?" ಎಂದಳು.

"ಬ್ಯಾಡ ಬ್ಯಾಡ, ಈಗಷ್ಟ ಕುಡದ ಬಂದೀನಿ."

ದ್ರೌಪದಿ ಮುಖ ಆಚೆ ತಿರುಗಿಸಿದಳು. ದೊಡ್ಡ ಮನೆಗಳ ಹೊಲದಲ್ಲಿ ತಂಬಾಕು ಕೊಯ್ದು ಮುದುಕಿಯಾದವಳು, ಎತ್ತರದಿಂದ ಬೊಗಸೆಗೆ ಸುರಿದ ನೀರು ಕುಡಿದವಳು. ತನ್ನ ಮನೆಗೆ ಬರುವ ದೊಡ್ಡವರು ಯಾವಾಗಲೂ ಈಗಷ್ಟೇ ಕುಡಿದು ಬಂದಿರುತ್ತಾರೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಭಾಗ್ಯಾಳ ಖುಷಿ ಅಲ್ಲಿಗೆ ನಿಲ್ಲಬೇಕಲ್ಲ! ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ಹಳದಿ ಮೇಣಬತ್ತಿಯೊಂದನ್ನು ತಂದು ಕಾಕುವಿನ ಅಂಗೈಯಲ್ಲಿಟ್ಟಳು. "ಇದ ನನ್ನ ಕಡಿಂದ ನಿಮಗ. ಇದಕಿಂತಾ ಚೊಲೋ ಮಾಲ ನನ್ನ ಹತ್ರ ಇಲ್ಲ. ಅಪ್ಪಟ ಜೇನಮೇಣರಿ!"

ಕಾಕು ಕೆಂಡ ಮುಟ್ಟಿದವರಂತೆ ಅದನ್ನು ಕೆಳಗಿಟ್ಟರು. "ಜೇನಿಂದಾ? ಯವ್ವಾ! ಎಷ್ಟ ಹುಳಾ ಸತ್ತಿರಬೇಕ ಇದಕ್ಕ!"

ಭಾಗ್ಯಾ ನಾಲಿಗೆ ಕಚ್ಚಿಕೊಂಡಳು. ಅವರು ಉಳ್ಳಾಗಡ್ಡಿ ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ, ಜೇನುತುಪ್ಪ ಮುಟ್ಟುವುದಿಲ್ಲ, ಎಲ್ಲ ಗೊತ್ತಿತ್ತು. ಅದರ ಮೇಣವನ್ನೂ ಉರಿಸುವುದಿಲ್ಲ ಎಂಬುದು ಮಾತ್ರ ಹಾಳು ಸಂಭ್ರಮದಲ್ಲಿ ಹೊಳೆದಿರಲಿಲ್ಲ.

ಕಾಕುವಿನ ಕಣ್ಣು ಒಲೆಯ ಬದಿಯಲ್ಲಿದ್ದ ಮೇಣ ಕಾಸುವ ಪಾತೇಲಿಯ ಮೇಲೆ ಹೋಯಿತು. "ಸೋಯಾಬೀನದ್ದೂ ಇದರಾಗನ ಕರಗಿಸಿಯೇನ?"

ಅವರ ಬೆನ್ನ ಹಿಂದೆ ದ್ರೌಪದಿ ಇಲ್ಲ ಅನ್ನು, ಇಲ್ಲ ಅನ್ನು ಎಂದು ಕೈ ಆಡಿಸುತ್ತಿದ್ದಳು. ಒಂದೇ ಮಾತು, ನೂರಾ ಎಂಟು ಬತ್ತಿ.

"ಹೌದ್ರಿ ಕಾಕೂ. ನನ್ನ ಹತ್ರ ಇರೂದ ಇದೊಂದ ಪಾತೇಲಿ."

ಕಾಕು ಎದ್ದು ಹೊರನಡೆದರು. ಅವರ ಕಾರು ಓಣಿ ದಾಟಿತು.

"ಬಂದ್ಲ ದೊಡ್ಡ ಸತ್ಯವಂತಿ!" ದ್ರೌಪದಿ ಹರಿಹಾಯ್ದಳು. "ಇಲ್ಲ ಅಂದಿದ್ರ ನಿನ್ನ ಗಂಟೇನ ಹೋಗ್ತಿತ್ತ?"

"ಮುಂಜಾನಿ ಪಂಚಶೀಲದಾಗ ಸುಳ್ಳ ಹೇಳಾಂಗಿಲ್ಲ ಅಂತ ಅಂದ, ಸಂಜೀಕ ಹೇಳ್ಲೇನ ಅತ್ತಿ?" ಎಂದವಳೇ ಭಾಗ್ಯಾ ಬಿಕ್ಕಿ ಬಿಕ್ಕಿ ಅತ್ತಳು.

ತಾಸೊಪ್ಪತ್ತಿನಲ್ಲಿ ಬಾಗಿಲ ಮುಂದೆ ಮತ್ತೆ ಹಾರ್ನ್! ಚಂದ್ರಮತಿ ಕಾಕು ಬುಸುಬುಸು ಎನ್ನುತ್ತ ಒಳಗೆ ಬಂದರು, ಕಂಕುಳಲ್ಲೊಂದು ದೊಡ್ಡ ಪಾತೇಲಿ.

"ಹಿಡಿ. ನೂರಾ ಎಂಟೂ ಇದರಾಗ ಮಾಡ."

"ಹೊಸಾದ ತಗೊಂಡ ಬಂದ್ರೇನ್ರಿ ಕಾಕೂ?"

"ಹೊಸಾದ ಯಾಕ? ನಾವ ದಿನಾ ಹಾಲ ಕಾಸೂದು. ಬಿಸಿನೀರಿಗೆ ಬಿಟ್ಟ ಹೋಗ್ತೈತಿ ಅಂದೆಲಾ? ಕೆಲಸ ಮುಗದ ಮ್ಯಾಲ ತೊಳದ ತಂದ ಕೊಡ, ಮನ್ಯಾಗ ಬೇಕ. ನೀ ಇಲ್ಲ ಅಂದಿದ್ರ ನನಗೇನ ತಿಳೀತಿದ್ದಿಲ್ಲ. ಹೌದ ಅಂದಿ. ಇನ್ನ ನಿನ್ನ ಬಿಟ್ಟ ಯಾರ ಕಡೆ ಹೋಗ್ಲಿ?"

"ಕಾಕೂ!" ಭಾಗ್ಯಾ ಈ ಸಲ ನಿಜವಾಗಿಯೂ ಕುಣಿದೇಬಿಟ್ಟಳು.

ದ್ರೌಪದಿ ಮುಂದೆ ಬಂದು ಸೊಸೆಯ ಕೈಯಿಂದ ಪಾತೇಲಿ ಇಸಿದುಕೊಂಡಳು. ಅದರ ಅಂಚಿನ ಮೇಲೆ ಒಮ್ಮೆ ಕೈಯಾಡಿಸಿ, ಕಾಕುವಿನ ಮುಖವನ್ನು ನೆಟ್ಟಗೆ ನೋಡಿದಳು.

"ಹಂಗಾದ್ರ ಅಕ್ಕಾರ, ಮೊದಲ ಇದರಾಗ ಚಹಾ ಇಡ್ತೀನಿ. ನಮ್ಮನಿ ನೀರ, ನಮ್ಮನಿ ಹಾಲ."

ಕೈಗೆ ಬಂದದ್ದು ಮತ್ತೆ ಹೋಯಿತು ಎಂದುಕೊಂಡಳು ಭಾಗ್ಯಾ. ಚಂದ್ರಮತಿ ಕಾಕು ಬಾಗಿಲಾಚೆ ಬಗ್ಗಿ ಕಬ್ಬಿನ ಗದ್ದೆಯ ಮೇಲಿನ ಸೂರ್ಯನನ್ನು ನೋಡಿದರು, ಆಮೇಲೆ ಚಾಪೆ ಎಳೆದುಕೊಂಡು ಕೂತರು.

"ಲಗೂನ ಇಡವ್ವಾ ಮತ್ತ. ಹೊತ್ತ ಮುಳಗಿದ್ರ ನಾ ಕುಡ್ಯಾಂಗಿಲ್ಲ."